ಪದ ಪರಿಚಯ: ಫೈಲ್ ಹೆಸರಿನ ತಾರೀಖು

ರಾತ್ರಿ ತಾನಾಗಿ ನಡೆಯುವ ಇಂಪೋರ್ಟ್‌ಗಳು (ಬೇರೆ ಕಂಪ್ಯೂಟರಿನಿಂದ ಬಂದ ಫೈಲಿನ ಲೆಕ್ಕವನ್ನು ಸರ್ವರಿಗೆ ಏರಿಸುವ ಕೆಲಸ) ಫೈಲನ್ನು ಗುರುತಿಸುವುದು ಹೆಸರಿನಲ್ಲಿರುವ ತಾರೀಖಿನಿಂದ. ಆ ತಾರೀಖು ಎಲ್ಲಿಯ ಗಡಿಯಾರದ್ದು ಎನ್ನುವುದು ಟೈಮ್ ಝೋನ್ ಸೆಟ್ಟಿಂಗ್ ಕೈಯಲ್ಲಿದೆ. ನಮ್ಮ ಸಮಯ ಯುಟಿಸಿಗಿಂತ (ಜಗತ್ತಿನ ಎಲ್ಲ ಸಮಯಗಳಿಗೂ ಆಧಾರವಾದ ಪ್ರಮಾಣ ಸಮಯ) 5 ಗಂಟೆ 30 ನಿಮಿಷ ಮುಂದೆ. ಹಾಗಾಗಿ ನಡುರಾತ್ರಿ 12ರಿಂದ ಬೆಳಗಿನ 5.30ರವರೆಗೆ ಯುಟಿಸಿಯಲ್ಲಿರುವ ಸರ್ವರಿಗೆ ಇನ್ನೂ ನಿನ್ನೆಯೇ. ಕ್ಲೌಡ್ ಸರ್ವರುಗಳು ಸಾಮಾನ್ಯವಾಗಿ ಯುಟಿಸಿಯಲ್ಲೇ ಸಿಗುತ್ತವೆ.

ಮುಂಬಯಿ ಮಾಟುಂಗಾದ ಒಂದು ಉಡುಪಿ ಹೋಟೆಲು ಎಂದಿಟ್ಟುಕೊಳ್ಳಿ. 2025ರ ಮಾರ್ಚ್ 31, ಲೆಕ್ಕದ ವರ್ಷದ ಕೊನೇ ದಿನ. ರಾತ್ರಿ ಗಲ್ಲಾ ಮುಚ್ಚಿದ ಮೇಲೆ ಬಿಲ್ಲಿಂಗ್ ಕಂಪ್ಯೂಟರ್ 'ಸೇಲ್ಸ್_20250331' ಕಳಿಸಿತು. ನಸುಕಿನ 2ಕ್ಕೆ ಸರ್ವರ್ 'ನಿನ್ನೆಯ ಫೈಲ್' ಹುಡುಕುತ್ತದೆ. ಅದರ ಗಡಿಯಾರದಲ್ಲಿ ಆಗ ಮಾರ್ಚ್ 31ರ ರಾತ್ರಿ 8.30, ಹಾಗಾಗಿ ಎತ್ತಿಕೊಳ್ಳುವುದು 30ರ ಫೈಲನ್ನು. ನಿಜ ಹೇಳಬೇಕೆಂದರೆ ಇದು ದಿನವೂ ಹೀಗೇ ಒಂದು ದಿನ ಹಿಂದೆ ಓಡುತ್ತಿರುತ್ತದೆ. ತಿಂಗಳ ನಡುವೆ ಯಾರ ಕಣ್ಣಿಗೂ ಬೀಳುವುದಿಲ್ಲ, ವರ್ಷಾಂತ್ಯದ ಲೆಕ್ಕದಲ್ಲಿ ಒಂದು ದಿನದ ವ್ಯಾಪಾರ ಇಲ್ಲವಾದಾಗಲೇ ಗೊತ್ತಾಗುವುದು.

ಗಾಬರಿಯಲ್ಲಿ ಮಾಡುವ ದುರಸ್ತಿ ಇನ್ನೂ ಅಪಾಯ. ಬೆಳಿಗ್ಗೆ 10ಕ್ಕೆ ಕೈಯಾರೆ ಓಡಿಸಿದರೆ ಎರಡೂ ಗಡಿಯಾರಗಳ ತಾರೀಖು ಒಂದೇ, 31ರ ಫೈಲ್ ಸರಿಯಾಗಿ ಬರುತ್ತದೆ. ಮರುದಿನ ನಸುಕಿನಲ್ಲಿ ಅದೇ ಫೈಲ್ ಮತ್ತೆ ಏರಿ ವ್ಯಾಪಾರ ಎರಡು ಪಟ್ಟಾಗುತ್ತದೆ. ಹಾಗೆ ಮಾಡದೆ ಇಂಪೋರ್ಟನ್ನು ಮರುದಿನದಿಂದ ಬೆಳಗಿನ 6ಕ್ಕೆ ಸರಿಸಿದರೆ 31 ಪೂರ್ತಿ ತಪ್ಪಿಹೋಗುತ್ತದೆ.

ಝೋನ್ ಹೆಸರು 'ಏಷ್ಯಾ/ಕೋಲ್ಕತ್ತಾ' (Asia/Kolkata) ಎಂದೇ ಕೊಡಬೇಕು. ಝೋನ್ ಹೆಸರುಗಳ ಪಟ್ಟಿಯಲ್ಲಿ ಮುಂಬಯಿ, ಪಣಜಿ ಇಲ್ಲ. ಭಾರತೀಯ ಸಮಯದ ಗಿಡ್ಡ ಹೆಸರು 'ಐಎಸ್‌ಟಿ' ಮಾತ್ರ ಕೊಡುವುದು ಬೇಡ, ಇಸ್ರೇಲಿನವರೂ ಐರ್ಲೆಂಡಿನವರೂ ಅದೇ ಅಕ್ಷರ ಬಳಸುತ್ತಾರೆ. ಆಲ್ಪೈನ್ ಎಂಬ ಪುಟ್ಟ ಲಿನಕ್ಸ್‌ನಂಥವುಗಳ ಮೇಲೆ ಕಟ್ಟಿದ ಕಂಟೇನರುಗಳಲ್ಲಿ (ಪ್ರೋಗ್ರಾಮನ್ನು ಅದಕ್ಕೆ ಬೇಕಾದ್ದರೊಡನೆ ಕಟ್ಟಿಟ್ಟ ಪೊಟ್ಟಣ) ಟೈಮ್ ಝೋನ್ ಡೇಟಾ ಪ್ಯಾಕೇಜ್ ಹಾಕಿರದಿದ್ದರೆ ಸರಿಯಾದ ಹೆಸರು ಕೊಟ್ಟರೂ ಎರರ್ ತೋರಿಸದೆ ಯುಟಿಸಿಯಲ್ಲೇ ನಡೆಯುತ್ತದೆ. ಸರ್ವರಿನ ಝೋನ್ ಬದಲಿಸಿದ ಮೇಲೆ ಕ್ರಾನ್ (ಹೇಳಿದ ಹೊತ್ತಿಗೆ ಕೆಲಸಗಳನ್ನು ತಾನಾಗಿ ಓಡಿಸುವ ಪ್ರೋಗ್ರಾಮ್) ರೀಸ್ಟಾರ್ಟ್ ಮಾಡಿ. ಕ್ರಾನ್ ಯುಟಿಸಿಯಲ್ಲೇ ಇರಲಿ ಎನ್ನುವವರು ನಮ್ಮ 2 ಗಂಟೆಗೆ '30 20 * * *' (ಮೊದಲು ನಿಮಿಷ, ಆಮೇಲೆ ಗಂಟೆ: ದಿನವೂ ರಾತ್ರಿ 8.30) ಎಂದು ಬರೆಯಬೇಕು. ಆ 30 ಮರೆತು 0 ಬರೆದರೆ ಇಂಪೋರ್ಟ್ ಅರ್ಧ ಗಂಟೆ ಮೊದಲೇ, 1.30ಕ್ಕೆ ಓಡುತ್ತದೆ.

ಝೋನ್ ಸರಿಮಾಡಿದರೂ ತೀರದ ತೊಡಕೊಂದಿದೆ. ರಾತ್ರಿ 12.20ರ ಬಿಲ್ಲು ಗಡಿಯಾರದ ಪ್ರಕಾರ ಏಪ್ರಿಲ್ 1ರದ್ದು, ಗಲ್ಲಾದ ಪ್ರಕಾರ ಮಾರ್ಚ್ 31ರದ್ದು. ಫೈಲಿನ ಹೆಸರಿನಲ್ಲಿ ಇರಬೇಕಾದದ್ದು ಈ ವ್ಯಾಪಾರದ ದಿನ. ಅದನ್ನು ಬರೆಯಬೇಕಾದದ್ದು ಬಿಲ್ಲಿಂಗ್ ಕಂಪ್ಯೂಟರ್. ಸರ್ವರ್ 'ನಿನ್ನೆ' ಯಾವುದೆಂದು ಲೆಕ್ಕಹಾಕಲೇಬಾರದು. ಫೋಲ್ಡರಿನಲ್ಲಿ ಇನ್ನೂ ಏರಿಸದ ಫೈಲು ಯಾವುದೆಂದು ನೋಡಿ, ಹೆಸರಿನ ತಾರೀಖು ಒಳಗಿನ ವ್ಯಾಪಾರದ ದಿನದ ಕಾಲಂಗೆ ತಾಳೆಯಾದರೆ ಮಾತ್ರ ಏರಿಸಿ, ಏರಿಸಿದ ಹೆಸರನ್ನು ಟೇಬಲಿನಲ್ಲಿ ಗುರುತಿಟ್ಟುಕೊಳ್ಳಲಿ. ಆಗ ಒಂದೇ ರಾತ್ರಿ ಎರಡು ಸಲ ಓಡಿಸಿದರೂ ಲೆಕ್ಕ ಕೆಡುವುದಿಲ್ಲ. ಹಗಲಿನ ಟೆಸ್ಟ್‌ನಲ್ಲಿ ಇದಾವುದೂ ಕಾಣದು, ಗಡಿಯಾರವನ್ನು ರಾತ್ರಿ 11.59, 12.01, ಬೆಳಗಿನ 5.29, 5.31ಕ್ಕೆ ಇಟ್ಟು ಓಡಿಸಿ ನೋಡಬೇಕು.