ಹಮ್ಮಸ್ ವ್ಯಾಪಾರ: ಎರಡನೇ ಡಬ್ಬದ ಲೆಕ್ಕ

ಹಮ್ಮಸ್ ಎಂದರೆ ಬೇಯಿಸಿದ ಕಾಬೂಲ್ ಕಡಲೆ, ಎಳ್ಳು ರುಬ್ಬಿ ಮಾಡುವ ಚಟ್ನಿಯಂಥ ಪದಾರ್ಥ. ಬೆಂಗಳೂರಿನಲ್ಲಿ ಹಮ್ಮಸ್‌ನ ಮೊದಲ ಡಬ್ಬ ಮಾರುವುದು ಕಷ್ಟವಲ್ಲ. ಇಂದಿರಾನಗರ, ಎಚ್‌ಎಸ್‌ಆರ್ ಲೇಔಟ್ ಕಡೆಯವರಿಗೆ ಹೋಟೆಲಿನಲ್ಲಿ ತಿಂದು ರುಚಿ ಗೊತ್ತು. ಸಕ್ಕರೆ ಕಾಯಿಲೆ ಇರುವ ಮನೆಗಳಲ್ಲಿ ಕಾಳು, ಎಳ್ಳು, ಆಲಿವ್ ಎಣ್ಣೆ ಎಂದರೆ ಒಮ್ಮೆ ತಂದು ನೋಡೋಣ ಅನ್ನಿಸುತ್ತದೆ. ಆದರೆ ವ್ಯಾಪಾರ ಕುದುರುವುದು ಎರಡನೇ ಡಬ್ಬದಿಂದ. ಗಿರಾಕಿ ಎರಡನೇ ಸಲ ಬಾರದಿದ್ದರೆ ರುಚಿಗಿಂತ ಮೊದಲು ಬಾಳಿಕೆಯನ್ನು ಅನುಮಾನಿಸಬೇಕು.

10 ಕೆಜಿ ಹಮ್ಮಸ್‌ಗೆ ಎರಡೂವರೆ ಕೆಜಿ ಒಣ ಕಾಬೂಲ್ ಕಡಲೆ ಸಾಕು. 12 ಗಂಟೆ ನೆನೆಸಿ, ಸ್ವಲ್ಪ ಅಡುಗೆ ಸೋಡಾ ಹಾಕಿ, ಎರಡು ಬೆರಳಲ್ಲಿ ಒತ್ತಿದರೆ ಬೆಣ್ಣೆಯಂತೆ ನುಣ್ಣಗಾಗುವಷ್ಟು ಬೇಯಿಸಿದರೆ ಸುಮಾರು ಐದೂಮುಕ್ಕಾಲು ಕೆಜಿ ಸಿಗುತ್ತದೆ. ಅದಕ್ಕೆ ಒಂದೂವರೆ ಕೆಜಿ ತಹಿನಿ, ಅಂದರೆ ಸಿಪ್ಪೆ ತೆಗೆದ ಬಿಳಿ ಎಳ್ಳನ್ನು ಹದವಾಗಿ ಹುರಿದು ರುಬ್ಬಿದ್ದು, 700 ಗ್ರಾಂ ನಿಂಬೆರಸ, ಅರ್ಧ ಕೆಜಿ ಆಲಿವ್ ಎಣ್ಣೆ, 120 ಗ್ರಾಂ ಉಪ್ಪು, 80 ಗ್ರಾಂ ಬೆಳ್ಳುಳ್ಳಿ. ಉಳಿದದ್ದು ಐಸ್ ನೀರು. ಬೆಳ್ಳುಳ್ಳಿಯನ್ನು ನಿಂಬೆರಸದಲ್ಲೇ ರುಬ್ಬಿದರೆ ಘಾಟು ಏಳುವುದಿಲ್ಲ. ಎಳ್ಳು ಕೆಂಪಗಾಗುವಷ್ಟು ಹುರಿದರೆ ಮಾತ್ರ ಇಡೀ ಬ್ಯಾಚ್ ಕಹಿ.

ನಿಂಬೆಹಣ್ಣಿನ ಹುಳಿ ಹಣ್ಣಿನಿಂದ ಹಣ್ಣಿಗೆ ಬದಲಾಗುತ್ತದೆ. ಆದ್ದರಿಂದ ಅಳತೆಯನ್ನು ನಂಬದೆ ಪ್ರತಿ ಬ್ಯಾಚ್‌ಗೂ ಹುಳಿ ಅಳೆಯುವ ಪಿಎಚ್ ಮೀಟರ್ ಹಿಡಿಯಬೇಕು; ಅಂಕಿ ಇಳಿದಷ್ಟೂ ಹುಳಿ ಹೆಚ್ಚು. 4.6ಕ್ಕಿಂತ ಮೇಲಿದ್ದರೆ ಬೊಟುಲಿಸಂ ಎಂಬ ಜೀವಕ್ಕೇ ಅಪಾಯದ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾಕ್ಕೆ ದಾರಿ ತೆರೆದಂತೆ, 4.3ರ ಆಸುಪಾಸಿಗೆ ತಂದರೆ ನೆಮ್ಮದಿ. ಹುಳಿಯೊಂದೇ ಕಾಯುವುದಿಲ್ಲ. ಲಿಸ್ಟೀರಿಯಾ ಎಂಬ ರೋಗಾಣು ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ, ಹಾಗಾಗಿ ಮಿಕ್ಸರ್‌ನ ಬ್ಲೇಡು, ರಬ್ಬರ್ ವಾಷರ್ ಬಿಚ್ಚಿ ತೊಳೆಯದಿದ್ದರೆ ಉಳಿದ ಎಚ್ಚರವೆಲ್ಲ ದಂಡ. ಹಮ್ಮಸ್ ಗಟ್ಟಿ ಪದಾರ್ಥ; ಆಳವಾದ ಪಾತ್ರೆಯಲ್ಲಿ ಫ್ರಿಜ್ಜಿಗಿಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಎರಡು ಅಂಗುಲಕ್ಕಿಂತ ದಪ್ಪವಾಗದಂತೆ ತಟ್ಟೆಗಳಲ್ಲಿ ಹರಡಿ 5 ಡಿಗ್ರಿಗೆ ಇಳಿಸಿ, ಆಮೇಲೆ ಡಬ್ಬ ತುಂಬಬೇಕು.

ಬಾಳಿಕೆಯ ದಿನವನ್ನು 4 ಡಿಗ್ರಿಯ ಪರೀಕ್ಷೆ ನೋಡಿ ನಿರ್ಧರಿಸುವುದು ದೊಡ್ಡ ತಪ್ಪು. ಡಬ್ಬ ಸ್ಕೂಟರಿನಲ್ಲಿ ಹೋಗುತ್ತದೆ, ಕರೆಂಟು ಹೋದ ಫ್ರಿಜ್ಜಿನಲ್ಲಿ ಕೂರುತ್ತದೆ. ಅದೇ ಬ್ಯಾಚಿನ ಡಬ್ಬಗಳನ್ನು 8 ಡಿಗ್ರಿಯಲ್ಲೂ ಇಟ್ಟು, ಮೂರು ದಿನಕ್ಕೊಂದರಂತೆ ಲ್ಯಾಬಿಗೆ ಕಳುಹಿಸಿ, ಕೆಟ್ಟ ದಿನಕ್ಕಿಂತ ಸಾಕಷ್ಟು ಮುಂಚಿನ ದಿನಾಂಕ ಮುದ್ರಿಸಿ.

ಈಗ ದುಡ್ಡು. ಇದು ಉದಾಹರಣೆಯ ಲೆಕ್ಕ, ನಿಮ್ಮ ಅಂಕಿ ಹಾಕಿಕೊಳ್ಳಿ. 200 ಗ್ರಾಂ ಡಬ್ಬಕ್ಕೆ ತೆರಿಗೆ ಬಿಟ್ಟು ₹190 ಬೆಲೆ. ಆ್ಯಪ್‌ನವರ ಪಾಲು ₹66 ಹೋದರೆ ಉಳಿದದ್ದು ₹124. ಸಾಮಗ್ರಿ ₹45, ಡಬ್ಬ ಮತ್ತು ಲೇಬಲ್ ₹12, ಕೂಲಿ-ಕರೆಂಟು ₹20, ತಂಪು ವ್ಯಾನು ₹10, ಒಟ್ಟು ₹87. ಒಂದು ಡಬ್ಬಕ್ಕೆ ₹37 ಲಾಭ. ಹತ್ತರಲ್ಲಿ ಮೂರು ಡಬ್ಬ ಅವಧಿ ಮುಗಿದು ವಾಪಸ್ ಬಂದವೆನ್ನಿ: ಏಳರಿಂದ ಬಂದದ್ದು ₹259, ಮೂರರಲ್ಲಿ ಹೋದದ್ದು ₹261. ಬೇಡಿಕೆ ಚೆನ್ನಾಗಿದೆ ಎಂದು ಆ್ಯಪ್‌ನವರ ಹತ್ತು ಹೊಸ ಗೋದಾಮುಗಳಿಗೆ ಒಟ್ಟಿಗೆ ಮಾಲು ತುಂಬಿಸಿದವರು ಮುಳುಗುವುದು ಹೀಗೆ. ಎರಡು ಮೂರು ಬಡಾವಣೆಗಳಲ್ಲಿ ವಾಪಸಾತಿ ಹತ್ತಕ್ಕೊಂದಕ್ಕಿಂತ ಕೆಳಗಿಳಿಯುವವರೆಗೆ ನಾಲ್ಕನೆಯದಕ್ಕೆ ಹೋಗಬಾರದು.

ಶುರು ಮಾಡುವವರಿಗೆ ವಾರದ ಮುಂಗಡ ಆರ್ಡರ್ ಪದ್ಧತಿಯೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಬುಧವಾರ ರಾತ್ರಿಗೆ ಆರ್ಡರ್ ಮುಗಿಸಿ, ಗುರುವಾರ ತಯಾರಿಸಿ, ಶುಕ್ರವಾರ ಅಪಾರ್ಟ್‌ಮೆಂಟಿಗೆ ಒಟ್ಟಿಗೆ ತಲುಪಿಸಿದರೆ ವಾಪಸಾತಿ ಇಲ್ಲವೇ ಇಲ್ಲ. ಆದರೆ ಒಂದೇ ಡಬ್ಬಕ್ಕೆ ಡೆಲಿವರಿ ಖರ್ಚು ಹುಟ್ಟುವುದಿಲ್ಲ, ಜೊತೆಗೆ ಇನ್ನೆರಡು ಪದಾರ್ಥ ಬೇಕು. ಒಂದು, ಅದೇ ಕಡಲೆಯ ಫಲಾಫಲ್, ಅಂದರೆ ವಡೆಯಂತೆ ಎಣ್ಣೆಯಲ್ಲಿ ಕರಿಯುವ ತಿಂಡಿ. ಮೈನಸ್ 18 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಇದಕ್ಕೆ ನೆನೆಸಿದ ಹಸಿ ಕಡಲೆಯೇ ಆಗಬೇಕು, ಬೇಯಿಸಿದ್ದು ಎಣ್ಣೆಯಲ್ಲಿ ಒಡೆದುಹೋಗುತ್ತದೆ. ಇನ್ನೊಂದು ಜೋಳದ ಖಡಕ್ ರೊಟ್ಟಿ. ಆರೋಗ್ಯದ ಹೆಸರಲ್ಲಿ ಮೈದಾದ ಪೀಟಾ ರೊಟ್ಟಿ ಕೊಡುವುದಕ್ಕಿಂತ ಇದು ಎಷ್ಟೋ ವಾಸಿ. ಮುರಿದ ಚೂರಿನಲ್ಲಿ ಹಮ್ಮಸ್ ಚೆನ್ನಾಗಿ ನಿಲ್ಲುತ್ತದೆ, ಫ್ರಿಜ್ಜೂ ಬೇಡ. ಬೆಳ್ಳುಳ್ಳಿ ಇಲ್ಲದ ಹಮ್ಮಸ್ ಕೂಡ ಒಂದಿರಲಿ. ಜೈನರ, ಮಾಧ್ವರ ಮನೆಗಳಿಂದ ಕೇಳಿಕೆ ಇದೆ.

ಲೇಬಲ್‌ನಲ್ಲಿ ಹೃದಯರೋಗ ತಡೆಯುತ್ತದೆ ಎಂದು ಬರೆಯಬೇಡಿ. ಆಲಿವ್ ಎಣ್ಣೆಯ ಊಟಕ್ಕೂ ಹೃದಯರೋಗಕ್ಕೂ ಇರುವ ನಂಟು ಹುಡುಕಿದ ಸ್ಪೇನಿನ ಪ್ರೆಡಿಮೆಡ್ ಅಧ್ಯಯನ ನೋಡಿದ್ದು ಏಳು ಸಾವಿರಕ್ಕೂ ಹೆಚ್ಚು ಜನರ ವರ್ಷಗಟ್ಟಲೆಯ ಇಡೀ ಊಟದ ಕ್ರಮವನ್ನು, ಒಂದು ಡಬ್ಬವನ್ನಲ್ಲ. ಅದರ ಬದಲು ಅಲ್ಲಿ ಎರಡು ಸಾಲು ಹಾಕಿ. ತೆರೆದ ಮೇಲೆ ಮೂರು ದಿನದೊಳಗೆ ಮುಗಿಸಿ ಎಂಬುದು ಒಂದು. ಇನ್ನೊಂದು ಮೇಲಿನ ಎಣ್ಣೆಯ ಬಗ್ಗೆ: ಫ್ರಿಜ್ಜಿನಲ್ಲಿ ಆಲಿವ್ ಎಣ್ಣೆ ಬಿಳಿ ಹರಳು ಕಟ್ಟುತ್ತದೆ, ಗಿರಾಕಿ ಬೂಷ್ಟು ಎಂದುಕೊಂಡು ಡಬ್ಬ ಕಸಕ್ಕೆ ಹಾಕುತ್ತಾರೆ. ಹತ್ತು ನಿಮಿಷ ಹೊರಗಿಟ್ಟರೆ ಕರಗುತ್ತದೆ ಎಂದು ಮುಚ್ಚಳದ ಮೇಲೇ ಅಚ್ಚು ಹಾಕಿಸಿ.