ಬಾಟಲಿಯಾಗಿನ ಗುಳ್ಳಿ ನಿಲ್ಲೋತನಕ

ನಮ್ಮ ಕಾಕಾ ಕುಷ್ಟಗಿ ಕಡೆ ಗ್ರಾನೈಟ್ ಕ್ವಾರಿಯಾಗ ಇಪ್ಪತ್ತು ವರ್ಷ ಧೂಳು ಕುಡ್ದಾನ, ಅದರ ಮ್ಯಾಲೆ ಬೀಡಿ ಬ್ಯಾರೆ. ಹೋದ ವರ್ಷ ಒಂದಿನ ಕೆಮ್ಮಿ ಕೆಮ್ಮಿ ಬಲಗಡೆ ಎದಿ ಚುಚ್ಚಿದಂಗಾತು, ಉಸಿರು ಹತ್ತವಲ್ದು. ಕೊಪ್ಪಳಕ್ಕ ಕರ್ಕೊಂಡು ಹೋದ್ವಿ, ಎಕ್ಸ್‌ರೇ ನೋಡಿ ಡಾಕ್ಟ್ರು ಶ್ವಾಸಕೋಶದ ಸುತ್ತ ಗಾಳಿ ಸೇರಿ ಅದು ಕುಗ್ಗಿ ಮುದ್ದಿ ಆಗೇತಿ, ಇದಕ್ಕ ನ್ಯೂಮೋಥೊರಾಕ್ಸ್ ಅಂತಾರ ಅಂದ್ರು. ಪಕ್ಕೆಲುಬಿನ ಸಂದಿಯಾಗ ಪೈಪ್ ಹಾಕಿ ಮಂಚದ ಕೆಳಗ ನೀರಿನ ಬಾಟಲಿ ಇಟ್ರು.

ಶ್ವಾಸಕೋಶ ರಬ್ಬರ್ ಇದ್ದಂಗ, ಬಿಟ್ರ ಕುಗ್ಗತೈತಿ. ಅದರ ಸುತ್ತಲಿನ ಜಾಗದಾಗ ಒತ್ತಡ ಹೊರಗಿನ ಗಾಳಿಗಿಂತ ಕಡಿಮಿ ಇರ್ತೈತಿ, ಅದಕ್ಕ ಎದಿಗೋಡಿಗೆ ಹತ್ಕೊಂಡು ಹಿಗ್ಗಿ ನಿಂತಿರ್ತೈತಿ, ತೂತು ಬಿತ್ತಂದ್ರ ಒಳಗಿನ ಗಾಳಿ ಆ ಜಾಗಕ್ಕ ಸೇರಿ ಆ ಹಿಡಿತ ತಪ್ಪತೈತಿ. ಪೈಪಿನ ತುದಿ ನೀರಾಗ ಸುಮಾರು 2 ಸೆಂಟಿಮೀಟರ್ ಮುಳುಗಿರ್ತೈತಿ, ಗಾಳಿ ಗುಳ್ಳಿಯಾಗಿ ಹೊರಗ ಬರ್ತೈತಿ, ಒಳಗ ಹೋಗಂಗಿಲ್ಲ. ಜರ್ಮನಿಯ ಬ್ಯುಲಾವ್ ಅನ್ನೋ ಡಾಕ್ಟರು 1891ರಾಗ ಬರೆದಿಟ್ಟ ಉಪಾಯ ಇದು, ಇವತ್ತಿಗೂ ನಡದೈತಿ. ಜೊತಿಗಿದ್ದವರು ಎರಡು ಮಾತು ನೆನಪಿಡ್ರಿ: ಬಾಟಲಿನ ಎದಿಗಿಂತ ಮ್ಯಾಲೆ ಎತ್ತಬಾರ್ದು, ಗುಳ್ಳಿ ಬರ್ತಿರೋವಾಗ ಪೈಪ್ ಮಡಚಬಾರ್ದು, ಮಡಚಿದ್ರ ಗಾಳಿ ಒಳಗ ತುಂಬಿ ಜೀವಕ್ಕ ಬರ್ತೈತಿ.

ಎಷ್ಟೋ ಮಂದಿಗೆ ತೂತು ತಾನಾಗೇ ಮುಚ್ಕೊಂತೈತಿ. 5ರಿಂದ 7 ದಿನ ದಾಟಿದ್ರೂ ಗುಳ್ಳಿ ನಿಲ್ಲಲಿಲ್ಲಂದ್ರ ಅದಕ್ಕ ಪರ್ಸಿಸ್ಟೆಂಟ್ ಏರ್ ಲೀಕ್ ಅಂತಾರ. ಹಳೇ ಟಿಬಿ, ಕಲ್ಲಿನ ಧೂಳಿಂದ ಬರೋ ಸಿಲಿಕೋಸಿಸ್, ಬೀಡಿಯಿಂದ ಸವದ ಶ್ವಾಸಕೋಶ ಇದ್ದವರಿಗೆ ಇದು ಜಾಸ್ತಿ, ಹರದ ಹಳೇ ಅರಿವಿಗೆ ಹೊಲಿಗಿ ನಿಲ್ಲಂಗಿಲ್ಲಲ್ಲ, ಹಂಗ.

ಏಳನೇ ದಿನಾನೂ ಕಾಕಾ ಕೆಮ್ಮಿದ್ರ ಸಾಕು ಬಾಟಲಿ ಬುಳುಬುಳು ಅಂತಿತ್ತು. ಕಾಕಿ ಊಟ ಬಿಟ್ಟಿದ್ಲು. ಕ್ಯಾಮೆರಾ ಹಾಕಿ ತೂತಿನ ಜಾಗ ಸ್ಟೇಪಲ್ ಮಾಡೋ ಆಪರೇಷನ್ ಐತಿ, ಬಾಯಿಂದ ಬ್ರಾಂಕೋಸ್ಕೋಪ್ ಅನ್ನೋ ಕ್ಯಾಮೆರಾ ನಳಿಗಿ ಬಿಟ್ಟು ಸೋರೋ ಶ್ವಾಸನಾಳದ ಕವಲಿಗೆ ಸಣ್ಣ ವಾಲ್ವ್ ಕೂಡಿಸೋದೂ ಐತಿ. ಆದ್ರ ಕಾಕಾನ ಮೈ ಅರವಳಿಕಿ ತಡಕೊಳ್ಳಂಗಿರಲಿಲ್ಲ, ವಾಲ್ವಿನ ಖರ್ಚು ನಮಗ ನೀಗಂಗಿರಲಿಲ್ಲ.

ಆಗ ಡಾಕ್ಟ್ರು ಬ್ಲಡ್ ಪ್ಯಾಚ್ ಮಾಡೂಣು ಅಂದ್ರು. 1987ರಿಂದ ಗೊತ್ತಿರೋ ದಾರಿ. ಕಾಕಾನ ತೋಳಿಂದ ದೊಡ್ಡ ಸಿರಿಂಜಿನಾಗ ರಕ್ತ ತಗದ್ರು, ಸಾಮಾನ್ಯವಾಗಿ ಕೆಜಿ ತೂಕಕ್ಕ 1ರಿಂದ 2 ಮಿಲಿ ಲೆಕ್ಕ, ಹೆಪ್ಪುಗಟ್ಟದಂಗ ಮಾಡೋ ಔಷಧಿ ಏನೂ ಕೂಡಿಸದ ತಟ್ನ ಅದೇ ಪೈಪಿನಾಗ ಬಿಟ್ರು. ಆಮೇಲೆ ಪೈಪನ್ನ ಸಲೈನ್ ಸ್ಟ್ಯಾಂಡಿನ ಮ್ಯಾಲಿಂದ ಕಮಾನಿನಂಗ ಹಾಯಿಸಿ ತಾಸುಗಟ್ಟಲೆ ಬಿಟ್ರು, ರಕ್ತ ಒಳಗ ಉಳೀಬೇಕು, ಗಾಳಿಗೆ ಮಾತ್ರ ದಾರಿ ಇರ್ಬೇಕು. ಒಳಗ ರಕ್ತ ಹೆಪ್ಪಾಗಿ ತೂತಿಗೆ ಮೆತ್ಕೊಂತೈತಿ. ಜ್ವರ, ಕೀವು ಬರಬಹುದು, ಪೈಪ್ ಕಟ್ಟಬಹುದು, ಅದಕ್ಕ ನರ್ಸಮ್ಮ ಗಳಿಗಿಗೊಮ್ಮೆ ಬಂದು ನೋಡ್ತಿದ್ರು. ಎಲ್ಲಾರಿಗೂ ಹತ್ತತೈತಿ ಅಂತಿಲ್ಲ, ಆದ್ರೂ ನಮ್ಮಂಥವರನ್ನ ಹುಬ್ಬಳ್ಳಿ ಬೆಂಗಳೂರಿಗೆ ಕಳಿಸೋ ಮುಂಚೆ ಇದನ್ನ ಒಮ್ಮೆ ಕೇಳ್ಬೇಕು ಅಂತ ನಾ ಖರೇನ ಹೇಳ್ತೀನಿ.

ಮರುದಿನ ಮುಂಜಾನೆ ಡಾಕ್ಟ್ರು ಬಾಟಲಿ ಮುಂದ ಕುಕ್ಕರಗಾಲಲ್ಲಿ ಕುಂತು "ಕೆಮ್ಮು ಯಜಮಾನ" ಅಂದ್ರು. ಕಾಕಾ ಕೆಮ್ಮಿದ. ನೀರು ಮ್ಯಾಲೆ ಕೆಳಗ ಆಡ್ತು, ಗುಳ್ಳಿ ಬರಲಿಲ್ಲ. "ಇನ್ನೊಮ್ಮೆ, ಜೋರಾಗಿ." ಬರಲಿಲ್ಲ. ಕಾಕಿ ಬುತ್ತಿ ಗಂಟು ಬಿಚ್ಚಿದ್ಲು.