ಗೋಡೆಗಿಂತ ಗಾಜೇ ಹೆಚ್ಚಾದ ಮನೆ

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ, ಒಂದು ಗುಡ್ಡದ ನೆತ್ತಿಯ ಮೇಲೆ ಹಾರ್ಡ್‌ವಿಕ್ ಹಾಲ್ ನಿಂತಿದೆ. ಅಲ್ಲಿ ಗೋಡೆಗಿಂತ ಗಾಜೇ ಹೆಚ್ಚು ಎಂಬ ಪ್ರಾಸದ ಮಾತೊಂದು ಇಂಗ್ಲಿಷರ ಬಾಯಲ್ಲಿ ಇಂದಿಗೂ ಉಳಿದಿದೆ. ಗಾಜು ಸಿರಿವಂತರ ಸೊತ್ತಾಗಿದ್ದ ಕಾಲದಲ್ಲಿ ಎದ್ದ ಮನೆ ಇದು. 1590ರಲ್ಲಿ ಕೆಲಸ ಶುರುವಾಯಿತು. 1597ರಲ್ಲಿ ಒಡತಿ ವಾಸಕ್ಕೆ ಬಂದಳು. ಆಕೆ ಎಲಿಜಬೆತ್, ಶ್ರೂಸ್‌ಬರಿಯ ಕೌಂಟೆಸ್, ಅಂದರೆ ಅಲ್ಲಿನ ಅರ್ಲ್ ಎಂಬ ಶ್ರೀಮಂತನ ಹೆಂಡತಿ. ಚರಿತ್ರೆ ಆಕೆಯನ್ನು ಹಾರ್ಡ್‌ವಿಕ್‌ನ ಬೆಸ್ ಎಂದೇ ಕರೆಯುತ್ತದೆ. ನಾಲ್ಕು ಬಾರಿ ವಿಧವೆಯಾದ, ಲೆಕ್ಕಪತ್ರಗಳಿಗೆ ತಾನೇ ಸಹಿ ಹಾಕುತ್ತಿದ್ದ ಗಟ್ಟಿಗಿತ್ತಿ. ಗುಡ್ಡದ ಮಗ್ಗುಲಲ್ಲೇ ಮರಳುಗಲ್ಲು ಸಿಕ್ಕಿತು, ಗಾಜು ಆಕೆಯದೇ ಭಟ್ಟಿಯಿಂದ ಬಂತು. ಗೋಪುರಗಳ ತುದಿಯಲ್ಲಿ ಆಕಾಶಕ್ಕೆ ಎದುರಾಗಿ ಕಾಣುವಂತೆ ತನ್ನ ಹೆಸರಿನ ಮೊದಲಕ್ಷರಗಳನ್ನೂ ಕಲ್ಲಿನಲ್ಲಿ ಕೊರೆಸಿದಳು.

ನೋಡುವವರ ಕಣ್ಣು ಕಿಟಕಿಗಳಲ್ಲೇ ನಿಂತುಬಿಡುತ್ತದೆ. ನನ್ನ ಮಟ್ಟಿಗೆ ಈ ಮನೆಯ ನಿಜವಾದ ಜಾಣ್ಮೆ ಇರುವುದು ಹೊರಗಿನಿಂದ ಕಾಣದ ಒಳಗೋಡೆಗಳಲ್ಲಿ.

ಆ ಕಾಲದ ಕಲ್ಲಿನ ಮನೆಯಲ್ಲಿ ಹೊರಗೋಡೆಗೆ ಮೂರು ಹೊಣೆ ಇರುತ್ತಿತ್ತು: ಮಹಡಿ, ಚಾವಣಿಗಳ ಭಾರ ಹೊರುವುದು, ಅಗ್ಗಿಷ್ಟಿಕೆಯ ಹೊಗೆಯನ್ನು ಮೇಲಕ್ಕೆ ಒಯ್ಯುವುದು, ಚಳಿಯನ್ನು ತಡೆಯುವುದು. ಗಾಜು ಈ ಮೂರರಲ್ಲಿ ಒಂದನ್ನೂ ಮಾಡಲಾರದು. ಮನೆಯ ನಕ್ಷೆ ರಾಬರ್ಟ್ ಸ್ಮಿತ್ಸನ್‌ನದೆಂದು ವಿದ್ವಾಂಸರು ಒಪ್ಪುತ್ತಾರೆ. ಆತ ಮೂಲತಃ ಕಲ್ಲುಕೆಲಸದವನು, ಭಾರ ಎಲ್ಲಿ ಕೂರುತ್ತದೆ ಎಂಬುದನ್ನು ಕೈಯಾರೆ ಬಲ್ಲವನು. ಹೊಗೆಯ ಕೆಲಸವನ್ನು ಆತ ಒಳಗೋಡೆಗಳಿಗೆ ವರ್ಗಾಯಿಸಿದ. ಎರಡನೆಯ ಮಹಡಿಯ ಉದ್ದನೆಯ ಮೊಗಸಾಲೆಯನ್ನೇ ನೋಡಿ: ಸುಮಾರು 50 ಮೀಟರ್ ಉದ್ದ, ಪೂರ್ವ ದಿಕ್ಕಿನುದ್ದಕ್ಕೂ ಕಿಟಕಿಗಳು, ಎರಡು ಅಗ್ಗಿಷ್ಟಿಕೆಗಳೂ ಇರುವುದು ಅವುಗಳ ಎದುರಿನ ಒಳಗೋಡೆಯಲ್ಲಿ. ಹಾಗಾಗಿ ಹೊರಗೋಡೆಯನ್ನು ಎಷ್ಟು ಬೇಕಾದರೂ ತೆರೆಯಬಹುದಾಯಿತು.

ಆದರೆ ಅಷ್ಟು ತೆರೆದ ಗೋಡೆ ಬಾಗದೆ ನಿಲ್ಲಬೇಕಲ್ಲ. ಮನೆಯ ಸುತ್ತ ಆರು ಗೋಪುರಗಳಿವೆ, ಉದ್ದದ ಬದಿಗಳಲ್ಲಿ ಎರಡೆರಡು, ತುದಿಗಳಲ್ಲಿ ಒಂದೊಂದು. ಕಾಗದದ ಹಾಳೆಯನ್ನು ನೆಟ್ಟಗೆ ನಿಲ್ಲಿಸಿದರೆ ಬೀಳುತ್ತದೆ. ನಾಲ್ಕು ಕಡೆ ಮಡಿಸಿದರೆ ನಿಲ್ಲುತ್ತದೆ. ಗೋಪುರಗಳನ್ನು ಸುತ್ತಿ ಹೊರಳಿ ಸಾಗುವ ಗೋಡೆಗೂ ಅಂಥದೇ ಬಿಗಿ ಬರುತ್ತದೆ. ಜೊತೆಗೆ, ಕಿಟಕಿಗಳು ಮೇಲೆ ಹೋದಂತೆ ಎತ್ತರವಾಗುತ್ತವೆ. ನೆಲಮಹಡಿ ಆಳುಕಾಳುಗಳದು, ಅದರ ಮೇಲಿನದು ಮನೆಯವರ ವಾಸಕ್ಕೆ, ಎಲ್ಲಕ್ಕಿಂತ ಮೇಲಿನದು ದೊಡ್ಡ ಅತಿಥಿಗಳ ಸತ್ಕಾರಕ್ಕೆ. ಮಹಡಿ ಏರಿದಷ್ಟೂ ಗೋಡೆ ಹೊರಬೇಕಾದ ಭಾರ ಕಡಿಮೆಯಾಗುತ್ತದೆ, ಆದ್ದರಿಂದ ದೊಡ್ಡ ಕಿಟಕಿ ಇಡಲು ತಕ್ಕ ಜಾಗವೂ ಅದೇ. ಅಂತಸ್ತಿನ ಲೆಕ್ಕವೂ ಭಾರದ ಲೆಕ್ಕವೂ ಇಲ್ಲಿ ಇಷ್ಟು ಚೆನ್ನಾಗಿ ಕೂಡಿಬಂದಿರುವುದು ನನಗೆ ಬಹಳ ಇಷ್ಟ.

ಒಂದು ಕಿಟಕಿಯನ್ನು ಹತ್ತಿರದಿಂದ ನೋಡಿದರೆ ಅದು ಗಾಜಿನ ಚೂರುಗಳ ಜೋಡಣೆ ಎಂಬುದು ತಿಳಿಯುತ್ತದೆ. ಕರಗಿದ ಗಾಜನ್ನು ಕೊಳವೆಯಿಂದ ಊದಿ, ಉರುಳೆಯಾಗಿಸಿ, ಉದ್ದಕ್ಕೆ ಸೀಳಿ, ಬಿಸಿಯಲ್ಲಿ ಚಪ್ಪಟೆ ಮಾಡಿದರೆ ಸಿಗುತ್ತಿದ್ದುದು ಚಿಕ್ಕ ಹಾಳೆ. ಅದನ್ನು ತುಂಡರಿಸಿ ಸೀಸದ ಪಟ್ಟಿಗಳಲ್ಲಿ ಕೂರಿಸುತ್ತಿದ್ದರು. ಸೀಸ ಮೆತ್ತಗಿನ ಲೋಹ, ಗಾಳಿಯ ಹೊಡೆತಕ್ಕೆ ಬಾಗುತ್ತದೆ. ಅದಕ್ಕಾಗಿ ಕಬ್ಬಿಣದ ಸರಳುಗಳ ಆಸರೆ, ಆ ಸರಳುಗಳಿಗೆ ಕಲ್ಲಿನ ಚೌಕಟ್ಟಿನ ಆಸರೆ. ಬಿರುಗಾಳಿ ಬೀಸಿದಾಗ ಅದರ ಒತ್ತಡ ಗಾಜಿನಿಂದ ಸೀಸಕ್ಕೆ, ಸೀಸದಿಂದ ಕಬ್ಬಿಣಕ್ಕೆ, ಅಲ್ಲಿಂದ ಕಲ್ಲಿಗೆ ಸಾಗುತ್ತದೆ. ಹಳೆಯ ಗಾಜು ಶತಮಾನಗಳಲ್ಲಿ ಮೆಲ್ಲಗೆ ಕೆಳಕ್ಕೆ ಹರಿದು ಬುಡದಲ್ಲಿ ದಪ್ಪವಾಗುತ್ತದೆ ಎಂಬ ಮಾತು ಸುಳ್ಳು. ಅಂಥ ಗಾಜು ಹುಟ್ಟುವಾಗಲೇ ಏರುಪೇರಾಗಿರುತ್ತದೆ.

ಮೂರನೆಯ ಹೊಣೆಗೆ, ಅಂದರೆ ಚಳಿಗೆ, ಸ್ಮಿತ್ಸನ್ ಬಳಿಯೂ ಪೂರ್ತಿ ಉತ್ತರವಿರಲಿಲ್ಲ. ಒಂದೇ ಪದರದ ತೆಳುಗಾಜು ಒಳಗಿನ ಶಾಖವನ್ನು ಸಲೀಸಾಗಿ ಹೊರಕ್ಕೆ ಬಿಡುತ್ತದೆ. ಸೀಸದ ಸಂದುಗಳಲ್ಲಿ ಗಾಳಿ ನುಸುಳುತ್ತದೆ. 1601ರಲ್ಲಿ ಬರೆಸಿದ ಮನೆಸಾಮಾನಿನ ಪಟ್ಟಿಯಲ್ಲಿ ಬೆಸ್‌ಳ ಮಲಗುವ ಕೋಣೆಯ ವಿವರ ಓದಿ: ಹಾಸಿಗೆಯ ಮೇಲೆ ಕಂಬಳಿಗಳ ರಾಶಿ, ಅದು ಸಾಲದೆಂದು ಕಿಟಕಿ ಬಾಗಿಲುಗಳಿಗೂ ಇಳಿಬಿಟ್ಟ ದಪ್ಪ ಹೊದಿಕೆಗಳು. ಅಷ್ಟು ಖರ್ಚು ಮಾಡಿ ತೆರೆದ ಕಿಟಕಿಯನ್ನು ಚಳಿಗಾಲದಲ್ಲಿ ಮುಚ್ಚಿಕೊಳ್ಳಲೇಬೇಕಿತ್ತು.

ದೊಡ್ಡ ಕೋಣೆಗಳ ಗೋಡೆಗೆ ಚಿತ್ರ ನೇಯ್ದ ಟೇಪೆಸ್ಟ್ರಿಗಳನ್ನು ತೂಗುಹಾಕಿದ್ದರು. ಅವು ಅಲಂಕಾರವೂ ಹೌದು, ತಣ್ಣನೆಯ ಕಲ್ಲಿಗೂ ಮೈಗೂ ನಡುವಿನ ತಡೆಯೂ ಹೌದು. ಬೈಬಲಿನ ಗಿಡಿಯನ್ನನ ಕಥೆಯ 13 ಟೇಪೆಸ್ಟ್ರಿಗಳನ್ನು ಬೆಸ್ 1592ರಲ್ಲಿ ಎಲಿಜಬೆತ್ ರಾಣಿಯ ಮಂತ್ರಿಯಾಗಿದ್ದ ಕ್ರಿಸ್ಟಫರ್ ಹ್ಯಾಟನ್ನನ ವಾರಸುದಾರನಿಂದ ಕೊಂಡಳು. ಅವುಗಳ ಮೇಲಿದ್ದ ಹ್ಯಾಟನ್ ಮನೆತನದ ಲಾಂಛನವನ್ನು ಮರೆಮಾಡಿ ತನ್ನದನ್ನು ಹಾಕಿಸುವ ಖರ್ಚಿಗೆಂದು ಬೆಲೆಯಲ್ಲಿ 5 ಪೌಂಡ್ ಇಳಿಸಿಕೊಂಡಳು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಆ ಗಾಜು ಈ ಬಟ್ಟೆಗೆ ಶತ್ರು. ಬೆಳಕಿನ ಕಣಗಳು, ಅದರಲ್ಲೂ ನೇರಳಾತೀತ ಕಿರಣಗಳು, ಬಣ್ಣದ ಅಣುಗಳ ಬಂಧಗಳನ್ನು ಮುರಿಯುತ್ತವೆ. ಉಣ್ಣೆ ರೇಷ್ಮೆಗಳ ನೂಲನ್ನೂ ಪೆಡಸಾಗಿಸುತ್ತವೆ. ಇಂದಿನ ಹಾನಿಗೆ ನಾಳೆಯದು ಸೇರುತ್ತದೆ, ಕತ್ತಲಲ್ಲಿಟ್ಟರೂ ಹೋದದ್ದು ಮರಳುವುದಿಲ್ಲ. ಆ ಕಾಲದ ನೇಕಾರರು ಹಸಿರಿಗೆ ನೀಲಿಯ ಜೊತೆ ಗಿಡದಿಂದ ತೆಗೆದ ಹಳದಿಯನ್ನು ಬೆರೆಸುತ್ತಿದ್ದರು. ಹಳದಿ ಬೇಗ ಮಾಸುತ್ತದೆ, ನೀಲಿ ಉಳಿಯುತ್ತದೆ. ಹಳೆಯ ಟೇಪೆಸ್ಟ್ರಿಗಳಲ್ಲಿ ಮರದ ಎಲೆಗಳು ನೀಲಿಯಾಗಿ ಕಾಣುವುದು ಇದರಿಂದಲೇ. ಹಿಂಬದಿಯನ್ನು ತಿರುಗಿಸಿದರೆ ಮೂಲದ ಹಸಿರು ಇನ್ನೂ ಸಿಗಬಹುದು.

ಈಗ ಮನೆಯನ್ನು ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಆ 13 ಟೇಪೆಸ್ಟ್ರಿಗಳನ್ನು ಒಂದೊಂದಾಗಿ ಇಳಿಸಿ, ತೊಳೆದು, ಸವೆದ ಕಡೆ ಹೊಲಿದು ಮತ್ತೆ ತೂಗುಹಾಕುವ ಕೆಲಸ 24 ವರ್ಷ ಹಿಡಿದು 2023ರಲ್ಲಿ ಮುಗಿಯಿತು. ಬಣ್ಣದ ಬಟ್ಟೆಗಳಿಗೆ ಸಂಗ್ರಹಾಲಯಗಳು ಸಾಮಾನ್ಯವಾಗಿ ಒಪ್ಪುವ ಬೆಳಕಿನ ಮಿತಿ 50 ಲಕ್ಸ್ (ಲಕ್ಸ್ ಎಂದರೆ ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ), ಮೋಡ ಕವಿದ ಹಗಲಿನ ಬಯಲು ಬೆಳಕಿನಲ್ಲಿ ನೂರರಲ್ಲೊಂದು ಪಾಲೂ ಅಲ್ಲ. ಹೀಗಾಗಿ ಹಾರ್ಡ್‌ವಿಕ್‌ನ ಕಿಟಕಿಗಳಿಗೆ ಇಂದು ಪರದೆ ಇಳಿಬಿಟ್ಟಿರುತ್ತಾರೆ. ಒಳಗೆ ಹೋದವರು ಮಸುಕು ಬೆಳಕಿಗೆ ಕಣ್ಣು ಹೊಂದಿಕೊಳ್ಳುವವರೆಗೆ ಸ್ವಲ್ಪ ಹೊತ್ತು ನಿಲ್ಲಬೇಕು. ಹಾಗೆ ನಿಂತಾಗ ಅಗ್ಗಿಷ್ಟಿಕೆಗಳಿರುವ ಆ ಒಳಗೋಡೆಯನ್ನೂ ಒಮ್ಮೆ ನೋಡಲಿ ಎಂಬುದು ನನ್ನ ಆಸೆ.